ದೇವರ ಬಾವಿಗೆ ಮಣ್ಣು ಹಾಕಬೇಡಿ: ಕೊಪ್ಪಳ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಕೊಪ್ಪಳ ಜಿಲ್ಲೆ,
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಕೊಪ್ಪಳ,
ಹಾಗೂ ಜಿಲ್ಲೆಯ ಎಲ್ಲ ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ಗುಡಿ ಕಮಿಟಿಯ ಹಿರಿಯರು ಇವರಿಗೆ.

ವಿಷಯ: ಹಳ್ಳಿಗಳ ದೇವರ ಬಾವಿಗಳನ್ನು ಮುಚ್ಚುವುದನ್ನು ಮತ್ತು ಅವುಗಳ ಮೇಲೆ ಸ್ಲ್ಯಾಬ್ ಹಾಕುವುದನ್ನು ನಿಲ್ಲಿಸುವಂತೆ ಮನವಿ.

ಮಾನ್ಯರೇ,

ನಾನು ಯಲಬುರ್ಗಾ ಕಡೆಯ ಒಂದು ಹಳ್ಳಿಯ ಹೆಣ್ಣುಮಗಳು. ಹೊಲ, ಮನೆ, ಜೊತೆಗೆ ನಮ್ಮ ಮಹಿಳಾ ಸಂಘದ ಲೆಕ್ಕ ಬರೆಯುವ ಕೆಲಸ ನನ್ನದು. ನಮ್ಮೂರ ಬಾವಿಯ ವಿಷಯವಾಗಿ ಸಂಘದ ಹೆಸರಿನಲ್ಲಿ ಅರ್ಜಿ ಕೊಟ್ಟೆವು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದೆವು. ಬರವಣಿಗೆಯಲ್ಲಿ ಉತ್ತರ ಬರಲಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಈ ಪತ್ರ ಬರೆಯುತ್ತಿದ್ದೇನೆ. ಊರಿನ ಹೆಸರನ್ನೂ ಪಂಚಾಯಿತಿಯ ಹೆಸರನ್ನೂ ಬೇಕಂತಲೇ ಬಿಟ್ಟಿದ್ದೇನೆ. ಅವು ಅರ್ಜಿಯಲ್ಲಿವೆ. ಇಲ್ಲಿ ನಾನು ಯಾರ ಮೇಲೂ ಕ್ರಮ ಕೇಳುತ್ತಿಲ್ಲ. ಬಾವಿ ಉಳಿಸಿ ಅಂತ ಕೇಳುತ್ತಿದ್ದೇನೆ.

ಮೊದಲು ನಡೆದದ್ದನ್ನು ಹೇಳುತ್ತೇನೆ. ನಮ್ಮೂರ ಹನುಮಪ್ಪನ ಗುಡಿಯ ಬಲಕ್ಕೆ ಒಂದು ಕಲ್ಲಿನ ಬಾವಿ ಇದೆ. ಮೂರು ಕಡೆ ಗೋಡೆ, ಒಂದು ಕಡೆ ಪಾವಟಿಗೆ, ಅಂದರೆ ಮೆಟ್ಟಿಲು. ಇಳಿಯುವಾಗ ಅರ್ಧದಲ್ಲಿ ಗೋಡೆಯೊಳಗೆ ಒಂದು ಗೂಡು ಇದೆ. ಅದರಲ್ಲಿ ಸುಣ್ಣ, ಕುಂಕುಮ, ಎಣ್ಣೆ ಹತ್ತಿ ಹತ್ತಿ ಮುಖವೇ ಕಾಣದಂತೆ ಸವೆದ ಗಂಗಮ್ಮ ಇದ್ದಾಳೆ. ಸಿಸಿ ರಸ್ತೆ ಮಾಡುವಾಗ ಕಿತ್ತ ಹಳೆಯ ಕಲ್ಲು, ಕಾಂಕ್ರೀಟ್ ಗಡ್ಡೆಗಳನ್ನು ಗುತ್ತಿಗೆದಾರನ ಟ್ರ್ಯಾಕ್ಟರ್ ಈ ಬಾವಿಗೆ ತಂದು ಸುರಿಯಿತು. ಕೇಳಿದರೆ "ಸದ್ಯಕ್ಕೆ ಹಾಕೀವಿ, ಆಮ್ಯಾಲೆ ತಗಸ್ತೀವಿ" ಅಂದರು. ತೆಗೆಸಲಿಲ್ಲ. ಒಬ್ಬರು ಹಾಕಿದ ಮೇಲೆ ಎಲ್ಲರಿಗೂ ಧೈರ್ಯ ಬಂತು. ಮದುವೆಯ ಊಟದ ಪ್ಲಾಸ್ಟಿಕ್ ತಟ್ಟೆ, ಕೋಳಿ ಅಂಗಡಿಯ ಕಸ, ಹಳೆ ಹಾಸಿಗೆ ಎಲ್ಲವೂ ಅಲ್ಲಿಗೇ ಬಂದವು. ನೀರು ಹಸಿರಾಯಿತು, ಆಮೇಲೆ ಕಪ್ಪಾಯಿತು, ಆಮೇಲೆ ಕಾಣಲೇ ಇಲ್ಲ.

ಈಗ ಬಾವಿ ನಾರುತ್ತದೆ, ಸೊಳ್ಳೆ ಜಾಸ್ತಿ ಆಗಿವೆ, ಅದಕ್ಕೇ ಮುಚ್ಚಬೇಕು ಅನ್ನುತ್ತಿದ್ದಾರೆ. ಪೂರ್ತಿ ಮಣ್ಣು ತುಂಬಿ, ಮೇಲೆ ಸ್ಲ್ಯಾಬ್ ಹಾಕಿ, ನಾಲ್ಕು ಮಳಿಗೆ ಕಟ್ಟಿ ಬಾಡಿಗೆಗೆ ಕೊಡುವ ಯೋಚನೆ ನಡೆದಿದೆ. ಜೆಸಿಬಿ ಬಂದು ಮೇಲಿನ ಕಟ್ಟೆಯ ಕಲ್ಲುಗಳನ್ನು ಕಿತ್ತು ಒಯ್ದಿತು. ಹೆಣ್ಣುಮಕ್ಕಳು ಹೋಗಿ ಅಡ್ಡ ನಿಂತಿದ್ದಕ್ಕೆ ಕೆಲಸ ನಿಂತಿದೆ. ನಿಂತಿದೆ ಅಷ್ಟೇ, ರದ್ದಾಗಿಲ್ಲ.

ಕಳೆದ ಜಾತ್ರೆಯಲ್ಲಿ ಆದದ್ದನ್ನು ಊರವರೆಲ್ಲ ಕಣ್ಣಾರೆ ಕಂಡಿದ್ದಾರೆ. ನಮ್ಮ ಕಡೆ ಜಾತ್ರೆಗೆ ಮೊದಲು ದೇವರು ಗಂಗಸ್ಥಳಕ್ಕೆ ಹೋಗಬೇಕು. ಡೊಳ್ಳು, ಭಜನೆ, ಕುಂಭ ಹೊತ್ತ ಹೆಣ್ಣುಮಕ್ಕಳು, ಹಿಂದೆ ಪಲ್ಲಕ್ಕಿ. ಬಾವಿಯ ನೀರಿನಲ್ಲಿ ದೇವರಿಗೆ ಸ್ನಾನ ಆಗಿ, ಕೊಡ ತುಂಬಿಸಿ ಗಂಗೆ ಪೂಜೆ ಮಾಡಿದ ಮೇಲೆಯೇ ಮುಂದಿನ ಕೆಲಸ. ಆ ದಿನ ಪಲ್ಲಕ್ಕಿಯನ್ನು ಬಾವಿಯ ಹತ್ತಿರ ತಂದರು. ಇಳಿಸಲು ಜಾಗ ಇರಲಿಲ್ಲ, ನಿಲ್ಲಲು ವಾಸನೆ ಬಿಡಲಿಲ್ಲ. ಹಿರಿಯರು ಗುಸುಗುಸು ಮಾತಾಡಿ ಪಲ್ಲಕ್ಕಿ ತಿರುಗಿಸಿದರು. ಓಣಿಯ ಮಿನಿ ಟ್ಯಾಂಕಿನ ಮುಂದೆ ಇಳಿಸಿ, ನಲ್ಲಿ ತಿರುವಿ, ಕೊಡ ತುಂಬಿಸಿದರು. ಪೂಜಾರಿಯ ಕೈ ನಡುಗುತ್ತಿತ್ತು. ನನ್ನ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮಾನ್ಯರೇ, ಅದನ್ನು ನೋಡಿದ ಮೇಲೆ ಸುಮ್ಮನಿರಲು ನಮಗೆ ಆಗುತ್ತಿಲ್ಲ.

ಬಾವಿ ಅಂದರೆ ನೀರು ತುಂಬುವ ಗುಂಡಿ, ನಲ್ಲಿ ಬಂದ ಮೇಲೆ ಅದರ ಕೆಲಸ ಮುಗಿಯಿತು ಅಂತ ಕಚೇರಿಯಲ್ಲಿ ಕೂತವರಿಗೆ ಅನ್ನಿಸಬಹುದು. ನಮ್ಮೂರ ಹೆಂಗಸರನ್ನು ಕೇಳಿ ನೋಡಿ. ಹೆರಿಗೆಯಾದ ಹೆಣ್ಣುಮಗಳು ಬಾಣಂತನದ ಕೋಣೆಯಿಂದ ಮೊದಲ ಸಲ ಹೊರಗೆ ಬರುವುದು ಬಾವಿ ಪೂಜೆಗೆ. ಐದು ಹರಳು ಇಟ್ಟು, ಸುಣ್ಣ ಹಚ್ಚಿ, ಅರಿಶಿನ ಕುಂಕುಮ ಏರಿಸಿ, ಗಂಗಮ್ಮನಿಗೆ ಉಡಿ ತುಂಬಿ, "ಎದೆಯಾಗ ಹಾಲು ಬತ್ತದಂಗ ನೋಡವ್ವ, ನಿನ್ನ ಸೆಲಿ ಬತ್ತದಂಗ" ಅಂತ ಬೇಡಿಕೊಳ್ಳುತ್ತಾಳೆ. ನಾನೂ ಬೇಡಿಕೊಂಡಿದ್ದೇನೆ. ಹೊಸದಾಗಿ ಮದುವೆಯಾಗಿ ಬಂದವಳು ಮೊದಲ ಕೊಡ ತರುವುದೂ ಅಲ್ಲಿಂದಲೇ. ಆ ಕೊಡ ತರುವಾಗಲೇ ಅವಳಿಗೆ ಓಣಿ ಗೊತ್ತಾಗುತ್ತದೆ, ಓಣಿಗೆ ಅವಳು ಗೊತ್ತಾಗುತ್ತಾಳೆ.

ಇನ್ನೂ ಎಷ್ಟೋ ಇವೆ. ಮೈಮೇಲೆ ನರಹುಲಿ ಎದ್ದರೆ ಉಪ್ಪು, ಬೆಲ್ಲ ತಂದು ಬಾವಿಗೆ ಹಾಕಿ ತಿರುಗಿ ನೋಡದೆ ಹೋಗಬೇಕು. ಉಪ್ಪು ಕರಗಿದ ಹಾಗೆ ನರಹುಲಿ ಕರಗುತ್ತದೆ ಅನ್ನುತ್ತಾರೆ. ಬಾವಿಯ ಮೀನು ಹಿಡಿಯಬಾರದು, ಆಮೆಗೆ ಕಲ್ಲು ಹೊಡೆಯಬಾರದು, ಅವು ಗಂಗಮ್ಮನ ಮಕ್ಕಳು. ಮಳೆ ಕೈಕೊಟ್ಟ ವರ್ಷ ಹುಡುಗರು ಮಳೆ ಬೇಡುವ ಗುರ್ಜಿ ಮೂರ್ತಿಯನ್ನು ತಲೆಮೇಲೆ ಹೊತ್ತು ಮನೆಮನೆ ತಿರುಗಿ ನೀರು ಹಾಕಿಸಿಕೊಳ್ಳುತ್ತಾರೆ. ಆ ಮೆರವಣಿಗೆ ಹೊರಡುವುದು ಬಾವಿ ಕಟ್ಟೆಯಿಂದ. ಮೊಹರಂನಲ್ಲಿ ಅಲಾಯಿ ದೇವರು, ಅಂದರೆ ಮೆರವಣಿಗೆಯಲ್ಲಿ ಹೊರುವ ಪಂಜಾಗಳು, ಕಡೆಯ ದಿನ ನೀರಿಗೆ ಹೋಗುತ್ತವೆ. ಮುದಗಲ್ಲಿನ ಮೊಹರಂ ಹೆಸರುವಾಸಿ. ಆದರೆ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಎಷ್ಟೋ ಸಣ್ಣ ಹಳ್ಳಿಗಳಲ್ಲೂ ಹಿಂದೂಗಳೇ ನಿಂತು ಅಲಾಯಿ ದೇವರನ್ನು ಎಬ್ಬಿಸುತ್ತಾರೆ. ನಮ್ಮೂರಲ್ಲಿ ಹನುಮಪ್ಪನ ಗಂಗಸ್ಥಳ ಆಗುವ ಬಾವಿಗೇ ಅಲಾಯಿ ದೇವರು ಬರುತ್ತವೆ. ಎರಡಕ್ಕೂ ಒಂದೇ ಪಾವಟಿಗೆ. ಈ ಬಾವಿ ಮುಚ್ಚಿದರೆ ಗುಡಿಯವರಿಗೆ ಮಾತ್ರ ನಷ್ಟ ಅಂತ ತಿಳಿಯಬೇಡಿ.

ಇದೆಲ್ಲ ಮೂಢನಂಬಿಕೆ ಅಂತ ಗ್ರಾಮಸಭೆಯಲ್ಲಿ ಒಬ್ಬರು ಹೇಳಿದರು. ನರಹುಲಿಗೆ ಡಾಕ್ಟರ ಹತ್ತಿರ ಹೋಗಿ ಅಂತ ನಾನೂ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ ಅಮಾನವೀಯ ಆಚರಣೆ ತಡೆಯುವ 2017ರ ಕಾಯ್ದೆ ಇದೆ, ಅದು ಬೇಕಾದ ಕಾಯ್ದೆಯೇ. ಆದರೆ ಅದು ಹಬ್ಬ, ಜಾತ್ರೆ, ಪೂಜೆಯನ್ನು ನಿಲ್ಲಿಸಿ ಅನ್ನುವುದಿಲ್ಲ. ಇನ್ನೊಂದು ವಿಷಯವನ್ನೂ ನೋಡಬೇಕು. ನಮ್ಮ ಹಿರಿಯರು ಹೇಳುತ್ತಿದ್ದ ಕಟ್ಟಳೆಗಳು ಏನು? ಚಪ್ಪಲಿ ಮೇಲೆ ಬಿಟ್ಟು ಇಳಿ. ಬಾವಿಯೊಳಗೆ ಉಗುಳಬೇಡ. ಕಟ್ಟೆಯ ಹತ್ತಿರ ಬಹಿರ್ದೆಸೆಗೆ ಕೂರಬೇಡ. ಎಂಜಲು ಕೈ ಅದ್ದಬೇಡ. ದನ ತೊಳೆಯಬೇಡ. ಮೀನು ಹಿಡಿಯಬೇಡ. ಗಂಗಮ್ಮ ಸಿಟ್ಟಾಗುತ್ತಾಳೆ ಅಂತ ಹೆದರಿಸಿಯೇ ಹೇಳುತ್ತಿದ್ದರು. ಆದರೆ ಆ ಹೆದರಿಕೆಯಿಂದ ಬಾವಿ ಶುದ್ಧವಾಗಿ ಇರುತ್ತಿತ್ತು. ಮೀನು ಇದ್ದರೆ ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ, ಅದು ಇವತ್ತು ಆರೋಗ್ಯ ಇಲಾಖೆಯೇ ಹೇಳುವ ಮಾತು. ಜಾತ್ರೆ ಬರುವ ಮೊದಲು ಊರಿಗೆ ಊರೇ ಸೇರಿ ಬಾವಿ ಬಳಿಯುತ್ತಿದ್ದರು. ನೀರು ಎತ್ತಿ ಹಾಕಿ, ರಾಡಿ ಬುಟ್ಟಿಯಲ್ಲಿ ಮೇಲಕ್ಕೆ ಕಳಿಸಿ, ಸೆಲೆಯ ಬಾಯಿ ಬಿಡಿಸುತ್ತಿದ್ದರು. ಮನೆಗೊಬ್ಬ ಆಳು ಬರಲೇಬೇಕು. ಯಾರೂ ಕೂಲಿ ಕೇಳುತ್ತಿರಲಿಲ್ಲ, ಯಾಕೆಂದರೆ ಅದು ದೇವರ ಕೆಲಸ. ಬಿಲ್ಲು ಇರಲಿಲ್ಲ, ಟೆಂಡರ್ ಇರಲಿಲ್ಲ. ನಂಬಿಕೆ ಇರುವವರೆಗೆ ಬಾವಿಗೆ ಕಾವಲು ಇತ್ತು. ನಲ್ಲಿ ಬಂದ ಮೇಲೆ ಬಳಿಯುವುದು ನಿಂತಿತು, ಬಳಿಯುವುದು ನಿಂತ ಮೇಲೆ ಕಟ್ಟಳೆಗಳೂ ಒಂದೊಂದೇ ಹೋದವು.

ಹಾಗಂತ ಹಳೆಯದೆಲ್ಲ ಚಂದ ಇತ್ತು ಅಂತ ನಾನು ಹೇಳುವುದಿಲ್ಲ. ಈ ಪಾವಟಿಗೆಗಳನ್ನು ಎಲ್ಲರೂ ಇಳಿಯುವ ಹಾಗಿರಲಿಲ್ಲ. ನಮ್ಮೂರ ದಲಿತ ಕೇರಿಯ ಹೆಣ್ಣುಮಕ್ಕಳು ಕೊಡ ಇಟ್ಟುಕೊಂಡು ದೂರ ನಿಲ್ಲಬೇಕಿತ್ತು. ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿದರೆ ಅವರಿಗೆ ನೀರು. ಗಂಗಮ್ಮ ಎಲ್ಲರ ತಾಯಿ ಅಂತ ಹಾಡುತ್ತಲೇ ಹೀಗೆ ಮಾಡಿದರು. 1927ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿದದ್ದು ಇದರ ವಿರುದ್ಧವೇ. ಗ್ರಾಮಸಭೆಯಲ್ಲಿ ಕೇರಿಯ ಒಬ್ಬ ಅಕ್ಕ ನನ್ನನ್ನು ನೇರವಾಗಿ ಕೇಳಿದಳು: "ನಮಗ ಇಳಿಯಾಕ ಬಿಡದ ಬಾವಿ ಇದ್ದರೇನು, ಹೋದರೇನು?" ಅವಳ ಪ್ರಶ್ನೆ ಸರಿಯಾಗಿದೆ. ಆದ್ದರಿಂದ ನಾವು ಕೇಳುತ್ತಿರುವುದು ಹಳೆಯ ಬಾವಿಯನ್ನು ಹಳೆಯ ಕಟ್ಟುಪಾಡಿನ ಜೊತೆಗೆ ವಾಪಸ್ ಕೊಡಿ ಅಂತ ಅಲ್ಲ. ಬಾವಿ ಉಳಿಯಬೇಕು, ಅದರ ಪಾವಟಿಗೆಯನ್ನು ಮೊದಲು ಅವಳು ಇಳಿಯಬೇಕು. ಮುಟ್ಟಾದವಳು ಹತ್ತಿರ ಬಂದರೆ ನೀರು ಕೆಡುತ್ತದೆ ಅನ್ನುವ ಮಾತೂ ಹೋಗಬೇಕು. ಪ್ಲಾಸ್ಟಿಕ್ ಹಾಕಿದಾಗ ಕೆಡದ ನೀರು ಹೆಣ್ಣು ಬಂದರೆ ಕೆಡುತ್ತದೆಯೇ?

ಇನ್ನೊಂದು ಕಷ್ಟದ ಮಾತು. ಎಷ್ಟೋ ಊರುಗಳಲ್ಲಿ ಹೆಣ್ಣುಮಕ್ಕಳು ಸಂಕಟ ತಾಳಲಾರದೆ ಬಾವಿಗೆ ಬಿದ್ದಿದ್ದಾರೆ. ಆಮೇಲೆ "ಆ ಬಾವಿ ಆಹುತಿ ಬೇಡುತ್ತದೆ, ಅಲ್ಲಿ ದೆವ್ವ ಇದೆ" ಅಂತ ಕತೆ ಹುಟ್ಟುತ್ತದೆ. ಬಾವಿ ಮುಚ್ಚಲು ಇದೂ ಒಂದು ಕಾರಣವಾಗುತ್ತದೆ. ಬಾವಿ ಯಾರನ್ನೂ ಬೇಡಲಿಲ್ಲ. ಮನೆಯಲ್ಲಿ ಬದುಕಲು ಬಿಡದವರು ಆ ಕತೆಯ ಹಿಂದೆ ಅಡಗಿಕೊಳ್ಳುತ್ತಾರೆ. ಮಕ್ಕಳು ಜಾರಿ ಬೀಳುವ ಭಯವೂ ನಿಜವೇ. ಅದಕ್ಕೆ ಎತ್ತರದ ಕಟ್ಟೆ, ಕಬ್ಬಿಣದ ಜಾಲರಿ, ಬೀಗ ಹಾಕುವ ಗೇಟು ಸಾಕು.

ಬಾವಿ ಮುಚ್ಚುವ ರೂಢಿ ಎಲ್ಲಿಂದ ಬಂತು ಅನ್ನುವುದನ್ನೂ ಹೇಳಬೇಕು, ಯಾಕೆಂದರೆ ಅದರ ಹಿಂದೆ ಒಂದು ಕಾಲಕ್ಕೆ ಒಳ್ಳೆಯ ಕಾರಣ ಇತ್ತು. ನಮ್ಮ ಹಿರಿಯರಿಗೆ ನಾರು ಹುಣ್ಣು ನೆನಪಿದೆ. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಒಳಗಿಂದ ದಾರದಂಥ ಹುಳ ಹೊರಬರುತ್ತಿತ್ತು. ಮೊಳಕ್ಕಿಂತ ಉದ್ದ. ಕಡ್ಡಿಗೆ ಸುತ್ತಿ ಸುತ್ತಿ ದಿನಕ್ಕಿಷ್ಟು ಎಳೆಯುತ್ತಿದ್ದರು. ಉರಿ ತಾಳಲಾರದೆ ರೋಗಿ ಪಾವಟಿಗೆ ಇಳಿದು ನೀರಿನಲ್ಲಿ ಕಾಲಿಟ್ಟರೆ ಹುಳ ಅಲ್ಲಿ ಮರಿ ಬಿಡುತ್ತಿತ್ತು. ಆ ಮರಿಗಳನ್ನು ನೀರಿನ ಸಣ್ಣ ಜೀವಿಗಳು ತಿನ್ನುತ್ತಿದ್ದವು, ಆ ನೀರನ್ನು ಊರು ಕುಡಿಯುತ್ತಿತ್ತು. ವರ್ಷದ ನಂತರ ಇನ್ನೊಬ್ಬರ ಕಾಲಿನಲ್ಲಿ ಹುಳ. ಇಳಿಯುವ ಬಾವಿ ಇದ್ದ ಊರುಗಳಲ್ಲಿ ಇದು ದೊಡ್ಡ ಪೀಡೆ. 1983ರ ಸುಮಾರಿಗೆ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕರ್ನಾಟಕವೂ ಇತ್ತು. ಇಳಿಯುವ ಬಾವಿಗಳಿಗೆ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದರು, ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು, ಕೈಪಂಪು ಹಾಕಿದರು. ದೇಶದ ಕಡೆಯ ನಾರು ಹುಣ್ಣು 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಈ ರೋಗದಿಂದ ಮುಕ್ತ ಅಂತ ಘೋಷಿಸಿತು. ಆ ಕೆಲಸ ಮಾಡಿದ ಆರೋಗ್ಯ ಕಾರ್ಯಕರ್ತರಿಗೆ ನಾವು ಋಣಿಗಳು. ಆದರೆ ರೋಗ ಹೋಗಿ ಇಷ್ಟು ವರ್ಷ ಆದ ಮೇಲೂ ಇಳಿಯುವ ಬಾವಿ ಅಂದರೆ ಹೊಲಸು ಅನ್ನುವ ಭಾವನೆ ಮಾತ್ರ ಹೋಗಿಲ್ಲ. ಅವತ್ತಿನವರು ಬಾವಿ ಸುಧಾರಿಸಿದರು, ಇವತ್ತು ಮುಚ್ಚುತ್ತಿದ್ದೇವೆ.

ನೀರಿನ ಲೆಕ್ಕವನ್ನೂ ನೋಡಿ. ನಮ್ಮ ಸೀಮೆಗೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ತುಂಗಭದ್ರಾ ಕಾಲುವೆ ಗಂಗಾವತಿ, ಸಿಂಧನೂರು ಕಡೆಯವರ ಭಾಗ್ಯ. ಯಲಬುರ್ಗಾ, ಕುಷ್ಟಗಿಯ ಎರಿ (ಕಪ್ಪು ಮಣ್ಣು), ಮಸಾರಿ (ಕೆಂಪು ಮಣ್ಣು) ಹೊಲಗಳಿಗೆ ಮಳೆಯೇ ದಿಕ್ಕು. ಬೋರ್ ಕೊರೆದು ಕೊರೆದು ಬಂಡೆಯ ಆಳಕ್ಕೆ ಹೋಗಿದ್ದೇವೆ. ಆಳದ ಬಂಡೆಯಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಕರಗಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಒಳ್ಳೆಯದಲ್ಲ. ಕೊಪ್ಪಳ, ರಾಯಚೂರು ಜಿಲ್ಲೆಗಳ ಅನೇಕ ಹಳ್ಳಿಗಳ ಬೋರ್ ನೀರು ಈ ಮಿತಿ ದಾಟಿದೆ. ಮಕ್ಕಳ ಹಲ್ಲಿನ ಕಂದು ಕಲೆ ನೋಡಿದರೆ ಸಾಕು, ವರದಿ ಓದಬೇಕಿಲ್ಲ. ಮಳೆನೀರು ಇಂಗಿ ಬರುವ ತೆರೆದ ಬಾವಿಗಳಲ್ಲಿ ಈ ತೊಂದರೆ ಸಾಮಾನ್ಯವಾಗಿ ಕಡಿಮೆ. ನಾಳೆಯೇ ಬಾವಿ ನೀರು ಕುಡಿಯಲು ಬಿಡಿ ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆ ಮಾಡದೆ ಯಾರೂ ಕುಡಿಯಬಾರದು. ಆದರೆ ಹೂಳು ತೆಗೆದ ಬಾವಿ ಮಳೆಗಾಲದಲ್ಲಿ ನೆಲಕ್ಕೆ ನೀರು ಇಳಿಸುತ್ತದೆ, ಸುತ್ತಲಿನ ಬೋರಿಗೂ ಅದರಿಂದ ಅನುಕೂಲ. ಒಂದು ಕಡೆ ಇಂಗುಗುಂಡಿಗೆ ಹಣ ಕೊಟ್ಟು, ಇನ್ನೊಂದು ಕಡೆ ಹಿರಿಯರು ಕಟ್ಟಿಕೊಟ್ಟ ಇಂಗುಗುಂಡಿಗೆ ಮಣ್ಣು ಹಾಕುವುದು ಸರಿಯಾ?

ಸ್ಲ್ಯಾಬ್ ವಿಷಯಕ್ಕೆ ಬರುತ್ತೇನೆ. ಇದು ನಂಬಿಕೆಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. 2023ರ ಮಾರ್ಚ್ 30ರಂದು, ರಾಮನವಮಿಯ ದಿನ, ಇಂದೋರಿನ ಒಂದು ದೇವಸ್ಥಾನದಲ್ಲಿ ಹಳೆಯ ಮೆಟ್ಟಿಲು ಬಾವಿಯ ಮೇಲೆ ಹಾಕಿದ್ದ ಸ್ಲ್ಯಾಬ್ ಕುಸಿಯಿತು. ಪೂಜೆಗೆ ಕೂತಿದ್ದವರು ಒಳಗೆ ಬಿದ್ದರು. 36 ಜನ ಸತ್ತರು. ಕೆಳಗೆ ಬಾವಿ ಇದೆ ಅನ್ನುವುದೇ ಎಷ್ಟೋ ಜನಕ್ಕೆ ಮರೆತುಹೋಗಿತ್ತು. ನಮ್ಮೂರಲ್ಲಿ ಮಳಿಗೆ ಕಟ್ಟಬೇಕೆಂದಿರುವ ಜಾಗ ಗುಡಿಗೆ ಅಂಟಿಕೊಂಡಿದೆ, ಜಾತ್ರೆಯ ದಿನ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಗಡ್ಡೆ, ಕಸ ತುಂಬಿದ ಬಾವಿಯ ಮೇಲೆ ಕಟ್ಟಿದ ಅಂಗಡಿ ಎಷ್ಟು ದಿನ ನಿಲ್ಲುತ್ತದೆ ಅಂತ ಯಾವ ಇಂಜಿನಿಯರ್ ಬರೆದುಕೊಟ್ಟಿದ್ದಾರೆ? ನಾವು ಆ ಕಾಗದ ಕೇಳಿದೆವು, ಯಾರೂ ತೋರಿಸಲಿಲ್ಲ.

ಅದರ ಬದಲು ನಮಗೆ ಸಿಕ್ಕ ಉತ್ತರ: "ದಾಖಲೆಯಲ್ಲಿ ಬಾವಿಯೇ ಇಲ್ಲ." ಪಹಣಿಯಲ್ಲಿ ಇಲ್ಲ, ಪಂಚಾಯಿತಿಯ ಆಸ್ತಿ ವಹಿಯಲ್ಲಿ ಇಲ್ಲ, ಊರೊಳಗಿನ ಜಾಗ ಪೂರ್ತಿ ಗಾಂವಠಾಣ, ಅಂದರೆ ಜನವಸತಿ ಜಾಗ, ಅಂತ ಇದೆ. ಇಲ್ಲದ ಬಾವಿಯನ್ನು ಮುಚ್ಚಿದರೆ ತಪ್ಪೇನು ಅನ್ನುವ ಅರ್ಥ. ಮಾನ್ಯರೇ, ನಮ್ಮ ಸೀಮೆ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆಯಿತು. ನಿಜಾಮರ ಕಾಲದ ಕಾಗದಗಳು ಉರ್ದುವಿನಲ್ಲಿವೆ. ಅವುಗಳನ್ನು ತೆಗೆದು ಓದಿದವರು ಯಾರು? ಹಳೆಯ ಗ್ರಾಮ ನಕಾಶೆಗಳಲ್ಲಿ ಬಾವಿಗೆ ಗುರುತು ಇರುತ್ತದೆ. ಅದನ್ನು ನೋಡಿದವರು ಯಾರು? ಕಾಗದದಲ್ಲಿ ಇಲ್ಲದಿದ್ದರೆ ಬರೆಸಿ, ಅದು ನಿಮ್ಮ ಅಧಿಕಾರದಲ್ಲಿದೆ. ಊರ ಜನರ ಸಾಮೂಹಿಕ ಜಾಗಗಳನ್ನು ಒತ್ತುವರಿಯಿಂದ ಬಿಡಿಸಿ ಕಾಪಾಡಬೇಕು ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಆ ಪ್ರಕರಣ ಶುರುವಾದದ್ದೂ ಒಂದು ಹಳ್ಳಿಯ ಹೊಂಡ ಮುಚ್ಚಿ ಮನೆ ಕಟ್ಟಿದ್ದರಿಂದಲೇ.

ದೊಡ್ಡ ಹೆಸರಿನ ನೀರಿಗೆ ನಮ್ಮಲ್ಲಿ ಗೌರವ ಇದೆ. ಆನೆಗೊಂದಿ ಹತ್ತಿರದ ಪಂಪಾ ಸರೋವರಕ್ಕೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ ಇಟಗಿಯ ಗುಡಿಯನ್ನು ಶಾಸನವೇ ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಅದರ ಪುಷ್ಕರಣಿಯನ್ನೂ ಜನ ನಿಂತು ನೋಡುತ್ತಾರೆ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ ಗಾದೆಯೇ ಇದೆ. ಆ ಕನಕಗಿರಿಯಲ್ಲಿ ಗುಡಿಯಷ್ಟೇ ನೋಡುವಂಥದ್ದು ನಾಯಕರ ಕಾಲದ ವೆಂಕಟಪತಿ ಬಾವಿ. ಇವೆಲ್ಲ ಉಳಿಯಬೇಕು. ಆದರೆ ಹೆಸರಿಲ್ಲದ ಹಳ್ಳಿಯ ಬಾವಿ ಯಾವ ಪಟ್ಟಿಯಲ್ಲಿದೆ? ಹಂಪಿಯ ಅರಮನೆ ಆವರಣದಲ್ಲಿ ಇವತ್ತು ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಕಪ್ಪು ಕಲ್ಲಿನ ಮೆಟ್ಟಿಲು ಕೊಳ 1980ರ ದಶಕದವರೆಗೆ ಮಣ್ಣಿನಡಿ ಇತ್ತು. ಅಗೆದು ತೆಗೆದಾಗ ಪ್ರತಿ ಕಲ್ಲು ಎಲ್ಲಿ ಕೂರಬೇಕು ಅಂತ ಕುಶಲಿಗರು ಕೆತ್ತಿದ ಗುರುತುಗಳು ಕಂಡವು. ನಮ್ಮೂರ ಬಾವಿಯ ಕಲ್ಲುಗಳ ಮೇಲೂ ಏನೋ ಕೆತ್ತನೆ ಇದೆ. ಅದು ಏನು ಅಂತ ಓದುವ ಮೊದಲೇ ಜೆಸಿಬಿ ಕೆಲವನ್ನು ಒಯ್ದಿದೆ. ಅವು ಎಲ್ಲಿ ಹೋದವು ಅನ್ನುವ ಪ್ರಶ್ನೆಗೂ ಉತ್ತರ ಬಂದಿಲ್ಲ.

ಇದು ಆಗದ ಕೆಲಸ ಅಂತ ಹೇಳಬೇಡಿ. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳು ಮುಂದೆ ನಿಂತು ಹಿರೇಹಳ್ಳ ಸ್ವಚ್ಛ ಮಾಡಿಸಿದಾಗ ಜನ ತಾವಾಗಿಯೇ ಬಂದರು. ಹೊಲದವರು, ಅಂಗಡಿಯವರು, ಕಾಲೇಜು ಹುಡುಗರು ಕೈಜೋಡಿಸಿದರು. ಮೈಲಿಗಟ್ಟಲೆ ಹಳ್ಳವನ್ನೇ ಬಿಡಿಸಿದ ಜಿಲ್ಲೆಗೆ ಒಂದೊಂದು ಊರಿನ ಒಂದೊಂದು ಬಾವಿ ಭಾರವಾಗುವುದಿಲ್ಲ.

ನಮ್ಮ ಬೇಡಿಕೆ ಇಷ್ಟು. ಮೊದಲನೆಯದಾಗಿ, ಜಿಲ್ಲೆಯ ಯಾವುದೇ ಹಳೆಯ ಬಾವಿಯನ್ನು, ಹೊಂಡವನ್ನು ಮುಚ್ಚುವ ಅಥವಾ ಅದರ ಮೇಲೆ ಕಟ್ಟುವ ಕೆಲಸವನ್ನು ಸದ್ಯಕ್ಕೆ ನಿಲ್ಲಿಸುವಂತೆ ಒಂದು ಸುತ್ತೋಲೆ ಕೊಡಿ. ನಮ್ಮೂರಲ್ಲಿ ಯಂತ್ರ ಯಾವಾಗ ಬೇಕಾದರೂ ವಾಪಸ್ ಬರಬಹುದು, ಹಾಗಾಗಿ ಇದು ತುರ್ತು. ಆಮೇಲೆ ಬಾವಿಗಳ ಎಣಿಕೆ ಆಗಲಿ. ಹಳೆಯ ನಕಾಶೆ, ಉರ್ದು ಕಾಗದ, ಊರ ಹಿರಿಯರ ಬಾಯಿಮಾತು ಮೂರನ್ನೂ ಸೇರಿಸಿ ಪ್ರತಿ ಬಾವಿಯನ್ನು ಪಂಚಾಯಿತಿಯ ಆಸ್ತಿ ವಹಿಯಲ್ಲಿ ಬರೆಸಿ. 1991ರಿಂದ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಇದೆ, ಅಲ್ಲಿ ಶಾಸನ ಓದುವವರೂ ಜಾನಪದ ಓದುವವರೂ ಇದ್ದಾರೆ. ಬಾವಿಯ ಅಳತೆಯ ಜೊತೆಗೆ ಅದರ ಕತೆ, ಹಾಡು, ಪೂಜೆಯ ಕ್ರಮವನ್ನೂ ಬರೆದುಕೊಳ್ಳಲು ಅವರನ್ನು ಕೇಳಿ. ಇವು ಗೊತ್ತಿರುವ ಅಜ್ಜಿಯರು ಇನ್ನೂ ಇದ್ದಾರೆ, ಬಹಳ ದಿನ ಇರುವುದಿಲ್ಲ.

ಹೂಳು ತೆಗೆಯುವುದನ್ನು ಕೂಲಿಯವರ ಕೈಯಿಂದಲೇ ಮಾಡಿಸಿ, ಜೆಸಿಬಿ ಇಳಿಸಬೇಡಿ. ಉದ್ಯೋಗ ಖಾತ್ರಿಯಲ್ಲಿ ಹಳೆಯ ಕಲ್ಯಾಣಿಗಳ ಹೂಳು ತೆಗೆದ ಉದಾಹರಣೆಗಳು ನಮ್ಮ ರಾಜ್ಯದಲ್ಲೇ ಇವೆ. ಬೇಸಿಗೆಯಲ್ಲಿ ಬೆಂಗಳೂರು, ಗೋವಾ ಕಡೆ ಗುಳೆ ಹೋಗುವ ನಮ್ಮ ಜನಕ್ಕೆ ಊರಲ್ಲೇ ಕೆಲಸ ಆಗುತ್ತದೆ. ಒಂದು ಎಚ್ಚರಿಕೆ ಬೇಕು. ಬಹಳ ದಿನ ಕಸ ತುಂಬಿದ ಬಾವಿಯಲ್ಲಿ ವಿಷಗಾಳಿ ಇರುತ್ತದೆ. ಗಾಳಿ ಪರೀಕ್ಷೆ ಮಾಡದೆ, ಹಗ್ಗ ಕಟ್ಟದೆ ಯಾರನ್ನೂ ಇಳಿಸಬಾರದು. ಹೂಳು ತೆಗೆದ ಮೇಲೆ ನೀರು ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಬಾವಿಯ ಹತ್ತಿರವೇ ಕನ್ನಡದಲ್ಲಿ ಬರೆಸಿ ಹಾಕಿ. ಅದೇ ಫಲಕದಲ್ಲಿ, ಈ ಬಾವಿ ಎಲ್ಲ ಜಾತಿ, ಎಲ್ಲ ಧರ್ಮದವರದು, ಯಾರನ್ನೂ ತಡೆಯುವಂತಿಲ್ಲ ಅಂತಲೂ ದೊಡ್ಡ ಅಕ್ಷರದಲ್ಲಿ ಇರಲಿ. ಕಿತ್ತು ಒಯ್ದ ಕಲ್ಲುಗಳನ್ನು ಹುಡುಕಿ ತರಿಸಿ.

ಗುಡಿ ಕಮಿಟಿಯವರಿಗೆ, ನನ್ನ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ನೇರವಾಗಿ ಒಂದು ಮಾತು ಹೇಳಬೇಕಿದೆ. ಬಾವಿಗೆ ಬಿದ್ದ ಕಸವೆಲ್ಲ ಸರ್ಕಾರದ್ದಲ್ಲ. ಒಡೆದ ದೇವರ ಫೋಟೋ, ಒಣಗಿದ ಹಾರ, ಪೂಜೆಯ ಪ್ಲಾಸ್ಟಿಕ್ ಚೀಲ, ಬಣ್ಣ ಬಳಿದ ಪಿಒಪಿ ಗಣಪತಿ ಇವೆಲ್ಲ ಭಕ್ತಿಯಿಂದಲೇ ಬಾವಿಗೆ ಬಿದ್ದಿವೆ. ಗಂಗಮ್ಮನಿಗೆ ಉಡಿ ತುಂಬುವವರು ಅಕ್ಕಿ, ಹೂವು, ಎಲೆ ಅಡಿಕೆಯನ್ನು ಗೂಡಿನ ಮುಂದೆ ಇಡಿ, ಆಮೇಲೆ ದನಕ್ಕೋ ಗಿಡದ ಬುಡಕ್ಕೋ ಹಾಕಿ. ಚಿಕ್ಕ ಮಣ್ಣಿನ ಗಣಪತಿ ಮಾಡಿ, ಮನೆಯ ಬಕೆಟ್ಟಿನಲ್ಲಿ ಕಳಿಸಿ. ಟೈಲ್ಸ್ ಹಾಕಿಸಿ, ಮೇಲೆ ಶೆಡ್ ಹೊಡೆಸಿ ಗುಡಿ ಚಂದ ಮಾಡಲು ಚಂದಾ ಎತ್ತುತ್ತೀರಿ. ಅದರಲ್ಲಿ ಒಂದು ಪಾಲು ಬಾವಿ ಬಳಿಯಲು ತೆಗೆದಿಡಿ. ಬಾವಿ ಬಳಿಯುವ ದಿನ ಎಲ್ಲ ಓಣಿಯವರನ್ನೂ ಕರೆಯಿರಿ, ಎಲ್ಲರ ಬುಟ್ಟಿಯೂ ಒಂದೇ ಸಾಲಿನಲ್ಲಿ ಸಾಗಲಿ. ನಮ್ಮ ಮಹಿಳಾ ಸಂಘದಿಂದ ಬುಟ್ಟಿ, ಹಗ್ಗ, ಆ ದಿನದ ಊಟದ ಖರ್ಚು ಕೊಡಲು ನಾವು ಒಪ್ಪಿ ಠರಾವು ಬರೆದಿದ್ದೇವೆ.

ಮಾನ್ಯ ಜಿಲ್ಲಾಧಿಕಾರಿಗಳೇ, ಒಮ್ಮೆ ನೀವೇ ಬಂದು ನೋಡಿ ಅಂತ ಕೇಳಿಕೊಳ್ಳುತ್ತೇನೆ. ಬರಲು ಆಗದಿದ್ದರೆ ತಹಸೀಲ್ದಾರರನ್ನು, ಪುರಾತತ್ವ ಇಲಾಖೆಯ ಒಬ್ಬ ಅಧಿಕಾರಿಯನ್ನು ಒಟ್ಟಿಗೆ ಕಳಿಸಿ, ಸ್ಥಳದಲ್ಲೇ ಪಂಚನಾಮೆ ಮಾಡಿಸಿ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಬಾವಿಯ ವಿಷಯ ಬರಬೇಕು, ಹೆಣ್ಣುಮಕ್ಕಳ ಮಾತು ನಡಾವಳಿಯಲ್ಲಿ ದಾಖಲಾಗಬೇಕು. ಮಳೆಗಾಲ ಶುರುವಾದರೆ ಹೂಳು ತೆಗೆಯಲು ಆಗುವುದಿಲ್ಲ, ಮುಂದಿನ ಜಾತ್ರೆಯೂ ದೂರವಿಲ್ಲ. ಅರ್ಜಿಯ ಪ್ರತಿ, ಬಾವಿಯ ಫೋಟೋಗಳು, ಸಹಿ ಮಾಡಿದವರ ಪಟ್ಟಿ ನಮ್ಮ ಹತ್ತಿರ ಇವೆ. ಕೇಳಿದ ದಿನವೇ ತಂದುಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಯಲಬುರ್ಗಾ ಭಾಗದ ಹಳ್ಳಿಯೊಂದರ ಮಹಿಳಾ ಸಂಘದ ಸದಸ್ಯೆ